‘ಬ್ರದರ್, ಕ್ಯಾನ್ ಯೂ ಸ್ಪೇರ್ ಎ ಡೈಮ್?’ ಎಂಬ ರಂಗಗೀತದ ಉತ್ಪತ್ತಿಯೂ ಅರ್ಥವೂ

ಪಾಶ್ಚಾತ್ಯ ರಂಗಭೂಮಿಯಲ್ಲಿ ‘ರೆವ್ಯೂ’ ಎಂಬುದೊಂದು ಪ್ರಯೋಗಭೇದವುಂಟು. ಶಬ್ದವು ಫ್ರೆಂಚ್ ಭಾಷೆಯದು. ಪುನರವಲೋಕನವೆಂದು ಅದರ ಮೂಲಾರ್ಥ. ಪ್ಯಾರಿಸ್ ನಗರದಲ್ಲಿ ವರ್ಷಾಂತ್ಯದಲ್ಲಿ ಆ ವರ್ಷದ ಸಂಗತಿಗಳನ್ನೂ ವ್ಯಕ್ತಿಗಳನ್ನೂ ಹಾಸ್ಯವಾಗಿ ಅನುಕರಿಸಿ ತೋರಿಸುತ್ತಿದ್ದ ಆಟಗಳಿಂದ ಈ ಹೆಸರು ಬಂದಿತು. ಇದರಲ್ಲಿ ಬೀಜ, ಬಿಂದು, ಪತಾಕೆ ಮೊದಲಾದ ಅರ್ಥಪ್ರಕೃತಿಗಳಿಗೆ ಅವಕಾಶವಿಲ್ಲ, ಇತಿವೃತ್ತವೇ ಇಲ್ಲ. ಒಂದು ಹಾಸ್ಯಪ್ರಸಂಗ, ಒಂದು ನೃತ್ಯ, ಒಂದು ಹಾಡು, ಮತ್ತೊಂದು ಪ್ರಸಂಗ, ಹೀಗೆ ಬಿಡಿ ಹೂಗಳನ್ನು ಒಂದು ಬುಟ್ಟಿಯಲ್ಲಿ ಇಟ್ಟಂತೆ ಪ್ರಯೋಗವು ಸಾಗುತ್ತದೆ. ೧೮೯೪ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ ‘ದಿ ಪಾಸಿಂಗ್ ಷೋ’ ಎಂಬುದರಿಂದ ಅಮೆರಿಕದಲ್ಲಿ ಈ ಬಗೆಗೆ ಪ್ರಚಾರವುಂಟಾಯಿತು. ೧೯೦೭ರಲ್ಲಿ ಮೊದಲಾದ ಝೀಗ್‌ಫೆಲ್ಡನ ‘ಫಾಲೀಸ್’ ಎಂಬ ಪ್ರದರ್ಶನಮಾಲೆಯಿಂದ ಇದಕ್ಕೆ ವೈಭವವು ಬಂದಿತು.

ನಾಟ್ಯಶಾಸ್ತ್ರದಲ್ಲಿ ಹೇಳಿರುವ ಪ್ರಾವೇಶಿಕೀ, ನೈಷ್ಕ್ರಾಮಿಕೀ ಮೊದಲಾದ ಐದು ಬಗೆಯ ಧ್ರುವಾಗೀತಗಳು ಪಾತ್ರವನ್ನೂ ಸಂದರ್ಭವನ್ನೂ ಆಶ್ರಯಿಸಿರುವುವು. ರೆವ್ಯೂವಿನ ಗೀತಕ್ಕಾದರೋ ಅಂತಹ ಆಶ್ರಯವಿಲ್ಲ. ಅದನ್ನು ಹಾಡುವವನು ಯಾರು, ಅವನಿಗೆ ಏನಾಯಿತು ಎಂಬುದನ್ನು ಗೀತವೇ ತಿಳಿಸಬೇಕು. ಅರ್ಥಾತ್, ಅದು ಮುಕ್ತಕ. ಅಮರುಕನ ಒಂದೊಂದು ಮುಕ್ತಕವೂ ಒಂದು ಪ್ರಬಂಧದಂತೆ ರಸಭರಿತವೆಂದು ಆನಂದವರ್ಧನನು ಹೇಳಿದುದು ವಿದ್ವಾಂಸರಿಗೆ ಗೊತ್ತೇ ಇದೆ. ರೆವ್ಯೂಗಳಲ್ಲಿ ಹುಟ್ಟಿದ ಸಹಸ್ರಾರು ಹಾಡುಗಳಲ್ಲಿ ಈ ಮಾತಿಗೆ ಪಾತ್ರವಾಗುವಂಥವು ಅತ್ಯಲ್ಪ. ೧೯೩೨ನೆಯ ಅಕ್ಟೋಬರ್ ೫ರಂದು ನ್ಯೂಯಾರ್ಕಿನ ಶೂಬರ್ಟ್ ರಂಗಮಂದಿರದಲ್ಲಿ ‘ಅಮೆರಿಕಾನ’ ಎಂಬ ರೆವ್ಯೂವಿನಲ್ಲಿ ಮೊದಲು ಹಾಡಲ್ಪಟ್ಟ ಪ್ರಕೃತ ಗೀತವು ಆ ಅಲ್ಪಸಂಖ್ಯೆಯಲ್ಲಿ ಸೇರತಕ್ಕದ್ದು. ಶೀರ್ಷಿಕೆಯ ಅರ್ಥವು ‘ಸಹೋದರನೇ, ಒಂದು ಡೈಮನ್ನು ಕೊಡಬಲ್ಲೆಯಾ?’ ಎಂದು.

ಡೈಮ್ ಎಂಬುದು ಡಾಲರಿನ ದಶಮಾಂಶವಾದ ಸಣ್ಣ ನಾಣ್ಯ, ಆ ಕಾಲದಲ್ಲಿ ಅದು ಬೆಳ್ಳಿಯದಾಗಿದ್ದಿತು. ಆಗ ನ್ಯೂಯಾರ್ಕಿನ ಸುರಂಗರೈಲಿನ ಪ್ರಯಾಣಕ್ಕೆ ಐದು ಸೆಂಟುಗಳು. ಒಂದು ಡೈಮಿಗೆ ಎರಡು ಸಲ ಪ್ರಯಾಣ ಮಾಡಬಹುದಾಗಿತ್ತು. ಮಹಾಧನಿಕನಾದ ವೃದ್ಧ ರಾಕ್‌ಫೆಲ್ಲರನು ತಾನು ಕಂಡವರಿಗೆಲ್ಲ ಹೊಸ ಡೈಮುಗಳನ್ನು ಹಂಚುತ್ತಿದ್ದುದು ಆ ಕಾಲದಲ್ಲಿ ಪ್ರಸಿದ್ಧವಾಗಿದ್ದಿತು. ಆದುದರಿಂದ ಈ ನಾಣ್ಯದ ಹೆಸರನ್ನು ಕೇಳಿದೊಡನೆ ಅಂದಿನ ಸಭಿಕರಿಗೆ ದಾನಿ, ಯಾಚಕ ಇಬ್ಬರೂ ಒಟ್ಟಿಗೆ ನೆನಪಿಗೆ ಬರುತ್ತಿದ್ದರು.

೧೯೨೯ನೆಯ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆಯು ಕುಸಿದುಬಿದ್ದಿತು. ಅಲ್ಲಿಂದ ಮೂರು ವರ್ಷಗಳಲ್ಲಿ ಬ್ಯಾಂಕುಗಳು ಮುಚ್ಚಿದುವು, ಕಾರ್ಖಾನೆಗಳು ನಿಂತುವು. ೧೯೩೨ರಲ್ಲಿ ಆ ದೇಶದ ದುಡಿಯುವ ಜನರಲ್ಲಿ ಹೆಚ್ಚುಕಡಮೆ ಕಾಲುಪಾಲು, ಅಂದರೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಮಂದಿಗೆ, ಕೆಲಸವಿರಲಿಲ್ಲ. ನೂರ ಎರಡು ಅಂತಸ್ತುಗಳ ಎಂಪೈರ್ ಸ್ಟೇಟ್ ಸೌಧವು ೧೯೩೧ನೆಯ ಮೇ ೧ರಂದು ಪ್ರಾರಂಭೋತ್ಸವವನ್ನು ಕಂಡಿತು. ಆದರೆ ಬಾಡಿಗೆಗೆ ಬರುವವರಿಲ್ಲದೆ ಬಹುಭಾಗವು ಬರಿದಾಗಿಯೇ ಉಳಿಯಿತು. ಅದನ್ನು ಕಟ್ಟಿದ ಕೈಗಳಿಗೂ ಕೆಲಸ ತಪ್ಪಿತು. ಬೀದಿಗಳಲ್ಲಿ ರೊಟ್ಟಿಗೂ ಗಂಜಿಗೂ ಕಾದು ನಿಂತವರ ಸಾಲುಗಳು ಸಾಮಾನ್ಯದೃಶ್ಯವಾದುವು.

ಇನ್ನೊಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಮಾಡಿದ ಯೋಧರಿಗೆ ೧೯೨೪ರ ಶಾಸನವು ಒಂದು ವಿಶೇಷ ಧನವನ್ನು ವಾಗ್ದಾನಮಾಡಿತ್ತು. ಆದರೆ ಅದು ಕೈಸೇರಬೇಕಾದುದು ೧೯೪೫ರಲ್ಲಿ. ಹಸಿವಿಗೆ ಹದಿಮೂರು ವರ್ಷಗಳ ವಾಯಿದೆಯನ್ನು ಸಹಿಸುವ ಶಕ್ತಿಯಿಲ್ಲವಾಗಿ, ೧೯೩೨ರ ಬೇಸಗೆಯಲ್ಲಿ ಸಾವಿರಾರು ಮಾಜಿ ಯೋಧರು ಸಂಸಾರಸಮೇತರಾಗಿ ರಾಜಧಾನಿಯಾದ ವಾಷಿಂಗ್‌ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡು ಕುಳಿತರು. ಜುಲೈ ೨೮ರಂದು ಜನರಲ್ ಮೆಕಾರ್ಥರನ ನೇತೃತ್ವದಲ್ಲಿ ಸೈನ್ಯವೇ ಬಂದು ಅವರನ್ನು ಚದರಿಸಿತು, ಗುಡಿಸಲುಗಳು ಸುಟ್ಟುಹೋದುವು. ಇದಾದ ಎಪ್ಪತ್ತು ದಿನಗಳೊಳಗಾಗಿ ಈ ಗೀತವು ರಂಗಕ್ಕೆ ಬಂದಿತು. ಅದರ ಮೂರನೆಯ ಭಾಗದಲ್ಲಿ ಬರುವ ಸಿಪಾಯಿಯ ಮಾತನ್ನು ಅಂದಿನ ಪ್ರೇಕ್ಷಕರು ಯಾವ ಮನಸ್ಸಿನಿಂದ ಕೇಳಿದರೆಂಬುದು ಈ ಕಾಲಗಣನೆಯಿಂದ ಸ್ಪಷ್ಟವಾಗುತ್ತದೆ.

ಗೀತದ ಸಾಹಿತ್ಯವನ್ನು ರಚಿಸಿದವನು ಇ. ವೈ. ಹಾರ್ಬರ್ಗ್, ‘ಯಿಪ್’ ಎಂಬುದು ಅವನ ರೂಢನಾಮ. ರಷ್ಯದಿಂದ ವಲಸೆಬಂದ ಬಡ ಯಹೂದಿ ದಂಪತಿಗಳ ಮಗನಾಗಿ ೧೮೯೬ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದನು. ಮುಂದೆ ಗೀತಕಾರನೆಂದು ಹೆಸರಾದ ಐರಾ ಗರ್ಶ್‌ವಿನ್ ಅವನ ಸಹಪಾಠಿ. ವಿದ್ಯುದುಪಕರಣಗಳ ವ್ಯಾಪಾರದಲ್ಲಿ ಹಾರ್ಬರ್ಗನು ಸಾಕಷ್ಟು ಸಂಪಾದಿಸಿದ್ದನು. ೧೯೨೯ರ ಅನರ್ಥದಲ್ಲಿ ಅದೆಲ್ಲವೂ ಹೋಗಿ ಸಾಲವು ಮಾತ್ರ ಉಳಿಯಿತು. ವ್ಯಾಪಾರವೇ ಕನಸು, ಪದ್ಯವೇ ವಾಸ್ತವವೆಂದು ಅವನು ಹಾಸ್ಯವಾಗಿ ಹೇಳಿಕೊಳ್ಳುತ್ತಿದ್ದುದುಂಟು. ಸಾಹಿತ್ಯವೃತ್ತಿಗೆ ಬಾ ಎಂದು ಒತ್ತಾಯಪಡಿಸಿ, ಜೇ ಗೋರ್ನಿಯೆಂಬ ಸಂಗೀತಗಾರನ ಪರಿಚಯವನ್ನು ಮಾಡಿಸಿಕೊಟ್ಟವನು ಗರ್ಶ್‌ವಿನ್.

ಗೋರ್ನಿಯ ವೃತ್ತಾಂತವು ಇನ್ನೂ ವಿಚಿತ್ರವಾದುದು. ಅವನು ಹುಟ್ಟಿದುದು ಆಗ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದ, ಈಗ ಪೋಲೆಂಡಿಗೆ ಸೇರಿದ ಬಿಯಾಲಿಸ್ಟಾಕ್ ಪಟ್ಟಣದಲ್ಲಿ. ೧೯೦೬ರಲ್ಲಿ ಅಲ್ಲಿ ಯಹೂದಿಗಳ ಮೇಲೆ ನಡೆದ ಘೋರವಾದ ಕೊಲೆ ಸುಲಿಗೆಗಳಿಂದ ತಪ್ಪಿಸಿಕೊಂಡು ಅವನ ಕುಟುಂಬವು ಅಮೆರಿಕಕ್ಕೆ ಬಂದಿತು. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿದರೂ ಅವನ ಒಲವು ಸಂಗೀತದ ಕಡೆಗೇ ಇದ್ದಿತು. ಬಾಲ್ಯದಲ್ಲಿ ಕೇಳಿದ ಒಂದು ಜೋಗುಳದ ಧಾಟಿಯು ಅವನ ಕಿವಿಯಲ್ಲಿ ಉಳಿದಿದ್ದಿತು. ಅದಕ್ಕೆ ಅವನು ಮೊದಲು ಹೊಂದಿಸಿಕೊಂಡಿದ್ದುದು ವಿರಹದುಃಖದ ಮಾತುಗಳನ್ನು. ಹಾರ್ಬರ್ಗನು ಧಾಟಿಯನ್ನು ಕೇಳಿ ಮೆಚ್ಚಿ, ಆ ಮಾತುಗಳನ್ನು ಬಿಟ್ಟುಬಿಡಬೇಕೆಂದು ಹೇಳಿದನಂತೆ. ಆ ದಿನಗಳಲ್ಲಿ ನ್ಯೂಯಾರ್ಕಿನ ಯಾವ ಬೀದಿಯಲ್ಲಿ ಹೋದರೂ ಎದುರಾಗುತ್ತಿದ್ದುದು ಒಂದು ಡೈಮನ್ನು ಬೇಡುವ ದನಿ. ಹಾರ್ಬರ್ಗನು ಪ್ರತಿದಿನವೂ ಕಿವಿಗೆ ಬೀಳುತ್ತಿದ್ದ ಆ ಮಾತನ್ನೇ ಎತ್ತಿಕೊಂಡು ಗೀತದ ಪಲ್ಲವಿಯನ್ನಾಗಿ ಮಾಡಿದನು.

ಒಂದು ಮಟ್ಟಿನಲ್ಲಿ ಇನ್ನೊಂದು ಪದವನ್ನು ಕಟ್ಟುವುದು ನಮ್ಮ ಹರಿಕಥೆಗೂ ನಾಟಕಮಂಡಲಿಗಳಿಗೂ ಹೊಸದಲ್ಲ. ಮರಾಠಿ, ಪಾರ್ಸಿ ರಂಗಗಳ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿದ ಹಾಡುಗಳು ಎಷ್ಟೋ ಇವೆ. ಅವುಗಳಲ್ಲಿ ಬಹುಪಾಲು ಮಟ್ಟಿಗೂ ಮಾತಿಗೂ ಕಾಗದದ ಹೂವಿಗೂ ದಾರಕ್ಕೂ ಇರುವ ಸಂಬಂಧವೇ ಹೊರತು ಬೇರೆಯಿಲ್ಲ. ಇಲ್ಲಿ ಹಾಗಲ್ಲ. ಜೋಗುಳವೆಂಬುದು ಭರವಸೆಯ ಹಾಡು. ಮಗುವಿಗೆ ತಾಯಿಯು ನಾಳಿನ ಸುಖವನ್ನು ಹೇಳುವ ಹಾಡು. ಗೀತದ ಪೀಠಿಕೆಯಲ್ಲಿ ಆ ಮನುಷ್ಯನು ಹೇಳುವ ವಿಷಯವೂ ಅದೇ: ತಾನು ಒಂದು ದೊಡ್ಡ ಕನಸನ್ನು ಕಟ್ಟುತ್ತಿದ್ದೇನೆಂದು ಜನರು ತನಗೆ ಹೇಳಿದ್ದರು, ಉಳುಮೆಗೆ ಕರೆದರೂ ಯುದ್ಧಕ್ಕೆ ಕರೆದರೂ ತಾನು ಹೋದನು, ಈಗ ರೊಟ್ಟಿಗಾಗಿ ಸಾಲಿನಲ್ಲಿ ನಿಂತಿರುವುದೇಕೆ? ಮುಂದಿನ ಮೂರು ಭಾಗಗಳು ‘ವನ್ಸ್’ ಎಂಬ ಶಬ್ದದಿಂದ ಮೊದಲಾಗುತ್ತವೆ. ಇಂಗ್ಲಿಷಿನಲ್ಲಿ ಅಜ್ಜಿಕಥೆಗಳು ಆರಂಭವಾಗುವುದೂ ಆ ಶಬ್ದದಿಂದಲೇ. ಜೋಗುಳದ ಧಾಟಿ, ಕಥೆಯ ಮೊದಲ ಮಾತು, ಹೇಳುವವನು ಮಾತ್ರ ಕೆಲಸವಿಲ್ಲದ ನಡುವಯಸ್ಸಿನವನು. ಈ ವೈಷಮ್ಯದಿಂದ ಹುಟ್ಟುವ ವ್ಯಂಗ್ಯವನ್ನು ಯಾವ ಅಲಂಕಾರದ ಹೆಸರಿನಿಂದ ಕರೆದರೂ ಸರಿಯೇ.

ಪೀಠಿಕೆಯ ತರುವಾಯ ನಾಲ್ಕು ಖಂಡಗಳು. ಮೊದಲನೆಯದರಲ್ಲಿ ಅವನು ರೈಲುದಾರಿಯನ್ನು ಕಟ್ಟಿದವನು. ಎರಡನೆಯದರಲ್ಲಿ ಗಗನಚುಂಬಿಯಾದ ಗೋಪುರವನ್ನು ಕಟ್ಟಿದವನು. ಮೂರನೆಯದರಲ್ಲಿ ಸಮವಸ್ತ್ರವನ್ನು ತೊಟ್ಟು ಯುದ್ಧಕ್ಕೆ ನಡೆದವನು. ನಾಲ್ಕನೆಯದರಲ್ಲಿ ಅವನಿಗೆ ಒಂದು ಹೆಸರು ಬರುತ್ತದೆ: ಆಲ್. ಇದು ಅಲ್ಲಿ ಮನೆಮನೆಯಲ್ಲಿಯೂ ಇರುವ ಹೆಸರು. ಕೆಲಸಗಳನ್ನು ಹೇಳಿದ ಮೇಲೆ ಹೆಸರನ್ನು ಹೇಳಿದ ಕ್ರಮವು ಬಹಳ ಉಚಿತವಾಗಿದೆ. ಮೊದಲೇ ಹೆಸರನ್ನು ಹೇಳಿದ್ದರೆ ಅವನು ಒಬ್ಬನಾಗುತ್ತಿದ್ದನು, ಕೊನೆಯಲ್ಲಿ ಹೇಳಿದುದರಿಂದ ಎಲ್ಲರೂ ಆಗಿ ಉಳಿದನು.

ಸಂಬೋಧನೆಯ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಮೊದಲೆರಡು ಸಲ ‘ಬ್ರದರ್’ ಎಂದು ಕರೆದವನು ಕೊನೆಯ ಸಲ ‘ಬಡ್ಡಿ’ ಎಂದು ಕರೆಯುತ್ತಾನೆ. ಬ್ರದರ್ ಎಂಬುದು ಕಾರ್ಮಿಕಸಂಘಗಳಲ್ಲಿ ಸದಸ್ಯರು ಪರಸ್ಪರ ಕರೆದುಕೊಳ್ಳುವ ಮಾತೂ ಹೌದು. ಬಡ್ಡಿ ಎಂಬುದು ಜತೆಯ ಸಿಪಾಯಿಯನ್ನು ಕರೆಯುವ ಸಲಿಗೆಯ ಮಾತು. ಮಧ್ಯದಲ್ಲಿ ಯುದ್ಧದ ಖಂಡವು ಬಂದುಹೋಗಿರುವುದರಿಂದ ಈ ಬದಲಾವಣೆಗೆ ಬಲ ಬಂದಿದೆ: ‘ನನ್ನ ಪಕ್ಕದಲ್ಲಿ ನಡೆದವನು ನೀನೇ ಅಲ್ಲವೇ’ ಎಂಬ ಅರ್ಥವು ಆ ಒಂದು ಶಬ್ದದಿಂದಲೇ ಹೊರಡುತ್ತದೆ. ಇದನ್ನು ಕನ್ನಡಕ್ಕೆ ತರಲು ಯತ್ನಿಸುವ ಅಧ್ಯಾಪಕರು ಮೊದಲ ಹೆಜ್ಜೆಯಲ್ಲಿಯೇ ಎಡವಬೇಕಾಗುವುದು. ‘ಅಣ್ಣಾ’ ಎಂದರೆ ಕೇಳುವವನು ಕೆಳಗಾಗುತ್ತಾನೆ, ‘ತಮ್ಮಾ’ ಎಂದರೆ ಮೇಲಾಗುತ್ತಾನೆ. ‘ಸ್ವಾಮೀ’, ‘ಧಣೀ’ ಎಂದರಂತೂ ಹಾಡೇ ಕೆಟ್ಟುಹೋಗುತ್ತದೆ. ಮೂಲದಲ್ಲಿ ಕೇಳುವವನೂ ಕೇಳಿಸಿಕೊಳ್ಳುವವನೂ ಸಮಾನರು. ಆ ಸಮಾನತೆಯೇ ಗೀತದ ಜೀವಾಳ.

ಸಂಗೀತದಲ್ಲಿಯೂ ಔಚಿತ್ಯವು ಕಾಣುತ್ತದೆ. ಬ್ರಾಡ್‌ವೇ ರಂಗದ ಹಾಡುಗಳು ಸಾಮಾನ್ಯವಾಗಿ ‘ಮೇಜರ್’ ಶ್ರೇಣಿಯವು, ಅಂದರೆ ಸ್ಥೂಲವಾಗಿ ನಮ್ಮ ಶಂಕರಾಭರಣದ ಸ್ವರಗಳುಳ್ಳವು. ಈ ಗೀತವಾದರೋ ‘ಮೈನರ್’ ಶ್ರೇಣಿಯದು. ಸಾಧಾರಣ ಗಾಂಧಾರ, ಶುದ್ಧ ಧೈವತಗಳುಳ್ಳ ನಟಭೈರವಿ ಕೀರವಾಣಿಗಳ ಛಾಯೆ ಅದಕ್ಕೆ ಸಮೀಪವಾದುದು. ಮೊದಲೆರಡು ಖಂಡಗಳಲ್ಲಿ, ಕಟ್ಟಿದುದನ್ನು ಹೇಳುವಾಗ ಸ್ವರವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪ್ರಶ್ನೆಯ ಹತ್ತಿರ ಇಳಿಯುತ್ತದೆ. ಯುದ್ಧದ ಖಂಡದಲ್ಲಿ ಲಯವು ಕವಾಯಿತಿನ ನಡೆಯನ್ನು ಅನುಸರಿಸುತ್ತದೆ.

ಈಗ ರಸವಿಚಾರ. ಇದನ್ನು ಕರುಣರಸದ ಗೀತವೆಂದು ಹೇಳುವವರೇ ಹೆಚ್ಚು. ಇಷ್ಟನಾಶದಿಂದ ಶೋಕವು ಹುಟ್ಟುವುದು ಶಾಸ್ತ್ರಸಮ್ಮತವೇ. ಧನನಾಶವೂ ಅದರ ವಿಭಾವಗಳಲ್ಲಿ ಒಂದು. ಆದರೂ ಈ ನಿರ್ಣಯವು ಸಮರ್ಪಕವಲ್ಲ. ಆ ಮನುಷ್ಯನು ಅಳುವುದಿಲ್ಲ, ದೈವವನ್ನು ಹಳಿಯುವುದಿಲ್ಲ, ಮಕ್ಕಳ ಹಸಿವನ್ನು ಹೇಳಿ ಮರುಕವನ್ನು ಬೇಡುವುದಿಲ್ಲ. ತಾನು ಮಾಡಿದ ಕೆಲಸಗಳ ಲೆಕ್ಕವನ್ನು ಒಪ್ಪಿಸುತ್ತಾನೆ. ವಾಚ್ಯಾರ್ಥವು ಯಾಚನೆ, ವ್ಯಂಗ್ಯಾರ್ಥವು ಉಪಾಲಂಭ. ಕೇಳುವುದು ಒಂದು ಡೈಮನ್ನು, ಸೂಚಿಸುವುದು ತನಗೆ ಬರಬೇಕಾಗಿದ್ದ ಪಾಲನ್ನು. ಅನೇಕ ವರ್ಷಗಳ ಮೇಲೆ ಸ್ಟಡ್ಸ್ ಟರ್ಕೆಲ್ ಎಂಬವನು ೧೯೭೦ರಲ್ಲಿ ಪ್ರಕಟಿಸಿದ ‘ಹಾರ್ಡ್ ಟೈಮ್ಸ್’ ಎಂಬ ಗ್ರಂಥದಲ್ಲಿ ಹಾರ್ಬರ್ಗನೇ ಈ ಅಭಿಪ್ರಾಯವನ್ನು ತಿಳಿಸಿದ್ದಾನೆ: ತನ್ನ ಗೀತವು ಅವನನ್ನು ಭಿಕ್ಷುಕನನ್ನಾಗಿ ಇಳಿಸುವುದಿಲ್ಲ, ಪ್ರಶ್ನೆ ಕೇಳುವ ಮಾನವಂತನನ್ನಾಗಿ ನಿಲ್ಲಿಸುತ್ತದೆ, ಅವನಲ್ಲಿ ಸ್ವಲ್ಪ ಕೋಪವೂ ಇದೆ ಎಂಬುದು ಅದರ ತಾತ್ಪರ್ಯ. ಆದುದರಿಂದ ಅಮರ್ಷ, ಸ್ಮೃತಿ, ವಿತರ್ಕಗಳೆಂಬ ಸಂಚಾರಿಗಳನ್ನು ಬಿಟ್ಟು ದೈನ್ಯವನ್ನು ಮಾತ್ರ ಹಿಡಿದು ಹಾಡುವ ಗಾಯಕನು ಗೀತದ ಅರ್ಧವನ್ನೇ ಹಾಡಿದಂತಾಗುವುದು. ಅಳುದನಿಯ ಧ್ವನಿಮುದ್ರಿಕೆಗಳು ಕೆಲವು ಉಂಟು. ಅವು ಬೇಗನೆ ಬೇಸರ ತರುತ್ತವೆ.

ಶೂಬರ್ಟ್ ಮಂದಿರದಲ್ಲಿ ಇದನ್ನು ಹಾಡಿದವನು ರೆಕ್ಸ್ ವೆಬರ್ ಎಂಬ ವಾಡ್‌ವಿಲ್ ಗಾಯಕ. ರೆವ್ಯೂ ೭೭ ಪ್ರದರ್ಶನಗಳಿಗೇ ಮುಗಿದುಹೋಯಿತು; ಆದರೆ ಗೀತವು ಅದಕ್ಕಿಂತ ಮೊದಲೇ ಮಂದಿರದಿಂದ ಹೊರಟುಹೋಗಿದ್ದಿತು. ಪ್ರಥಮ ಪ್ರಯೋಗವಾದ ಇಪ್ಪತ್ತು ದಿನಗಳಿಗೆ, ಅಕ್ಟೋಬರ್ ೨೫ರಂದು, ಬಿಂಗ್ ಕ್ರಾಸ್ಬಿಯು ಬ್ರನ್ಸ್‌ವಿಕ್ ಕಂಪನಿಗಾಗಿ ಇದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದನು. ಅದೇ ವಾರದಲ್ಲಿ ರೂಡಿ ವ್ಯಾಲಿಯು ಕೊಲಂಬಿಯ ಕಂಪನಿಗಾಗಿ ಹಾಡಿದನು. ಎರಡಕ್ಕೂ ಅಪಾರವಾದ ಪ್ರಚಾರವುಂಟಾಯಿತು. ನವೆಂಬರ್ ೮ರಂದು ಅಧ್ಯಕ್ಷಪದವಿಯ ಚುನಾವಣೆ. ಹರ್ಬರ್ಟ್ ಹೂವರನಿಗೂ ಫ್ರಾಂಕ್ಲಿನ್ ರೂಸ್‌ವೆಲ್ಟನಿಗೂ ಸ್ಪರ್ಧೆ. ‘ಮರೆತುಹೋದ ಮನುಷ್ಯ’ನ ಮಾತನ್ನು ರೂಸ್‌ವೆಲ್ಟನು ಆ ವರ್ಷದ ಏಪ್ರಿಲ್‌ನ ರೇಡಿಯೋ ಭಾಷಣದಲ್ಲಿ ಆಡಿದ್ದನು; ಆ ಮನುಷ್ಯನಿಗೆ ಈಗ ಹಾಡೂ ದೊರೆಯಿತು. ರಿಪಬ್ಲಿಕನ್ ಪಕ್ಷದ ಕಡೆಯವರು ಇದನ್ನು ಬಂಡವಾಳಶಾಹಿಯ ವಿರುದ್ಧವಾದ ಪ್ರಚಾರವೆಂದು ಭಾವಿಸಿ, ರೇಡಿಯೋದಲ್ಲಿ ಬಾರದಂತೆ ತಡೆಯಲು ಪ್ರಯತ್ನಿಸಿದರೆಂದು ಹೇಳುತ್ತಾರೆ. ಚುನಾವಣೆಯನ್ನು ಒಂದು ಹಾಡು ಗೆಲ್ಲಿಸಿತೆಂಬುದು ಅತಿಶಯೋಕ್ತಿ. ಹಸಿದವರ ಮತವನ್ನು ಹಸಿವೇ ನಿರ್ಣಯಿಸಿತ್ತು. ಗೀತದಲ್ಲಿ ಪಕ್ಷದ ಹೆಸರಾಗಲಿ, ನಾಯಕನ ಹೆಸರಾಗಲಿ, ಪರಿಹಾರೋಪಾಯವಾಗಲಿ ಒಂದೂ ಇಲ್ಲವೆಂಬುದನ್ನೂ ಆಕ್ಷೇಪಿಸಿದವರು ಗಮನಿಸಲಿಲ್ಲ.

ಹಾರ್ಬರ್ಗನು ಮುಂದೆ ೧೯೩೯ರ ‘ದಿ ವಿಜರ್ಡ್ ಆಫ್ ಆಸ್’ ಚಲಚ್ಚಿತ್ರಕ್ಕೆ ಹೆರಾಲ್ಡ್ ಆರ್ಲನ್ನನೊಡನೆ ರಚಿಸಿದ ಗೀತಗಳಿಂದ ಲೋಕಪ್ರಸಿದ್ಧನಾದನು. ೧೯೫೦ರ ದಶಕದಲ್ಲಿ, ಎಡಪಂಥದವರೆಂಬ ಶಂಕೆಯ ಮೇಲೆ ಕಲಾವಿದರನ್ನು ಬಹಿಷ್ಕರಿಸಿದಾಗ, ಅವನಿಗೆ ಹಾಲಿವುಡ್ಡಿನ ಬಾಗಿಲು ಮುಚ್ಚಿತು; ಗೋರ್ನಿಗೂ ಅದೇ ಗತಿಯಾಯಿತು. ಹಾರ್ಬರ್ಗನು ೧೯೮೧ರಲ್ಲಿಯೂ ಗೋರ್ನಿಯು ೧೯೯೦ರಲ್ಲಿಯೂ ತೀರಿಕೊಂಡರು. ಗೀತವನ್ನು ೧೯೭೫ರಲ್ಲಿ ಜೂಡಿ ಕಾಲಿನ್ಸ್, ೧೯೯೯ರಲ್ಲಿ ಜಾರ್ಜ್ ಮೈಕೇಲ್ ಮತ್ತೆ ಹಾಡಿದರು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ಸಂರಕ್ಷಿಸತಕ್ಕ ಧ್ವನಿಮುದ್ರಿಕೆಗಳ ೨೦೧೩ರ ಪಟ್ಟಿಗೆ ೧೯೩೨ರ ಆ ಎರಡು ತಟ್ಟೆಗಳನ್ನೂ, ಕ್ರಾಸ್ಬಿಯದನ್ನೂ ವ್ಯಾಲಿಯದನ್ನೂ, ಒಟ್ಟಿಗೆ ಸೇರಿಸಿಕೊಂಡಿತು.