ವಂಶವೃಕ್ಷ ಎಲ್ಲರದು, ತಿದ್ದುವ ಹೊಣೆ ಯಾರದು?

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಕೆಲವೆಡೆ ಇಂದಿಗೂ ಬರುತ್ತಾರೆ. ಎತ್ತಿನ ಮೇಲೆ ಬಂದ ಹೆಳವನು ಮೂಲಪುರುಷನಿಂದ ಮೊದಲ್ಗೊಂಡು ಮನೆತನದ ತಲೆಮಾರುಗಳನ್ನು ಹೇಳುವನು. ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಸಾಗುವನು. ಇಲ್ಲಿ ಹೇಳುವವರು ಮನೆಯವರೆಲ್ಲರೂ, ಬರೆಯುವವನು ಒಬ್ಬನೇ ಎಂಬುದನ್ನು ಗಮನಿಸಬೇಕು.

ಈಗ ಆ ಹೊತ್ತಿಗೆಯ ಕಾರ್ಯವನ್ನು ಅಂತರ್ಜಾಲದ ವಂಶವೃಕ್ಷ ತಂತ್ರಾಂಶಗಳೂ ಮಾಡುತ್ತಿವೆ. 2007ರಲ್ಲಿ ಆರಂಭವಾದ ಜೆನಿ, ಅದನ್ನು 2012ರಲ್ಲಿ ಕೊಂಡ ಮೈಹೆರಿಟೇಜ್, ಆನ್‌ಸೆಸ್ಟ್ರಿ, ಫ್ಯಾಮಿಲಿಸರ್ಚ್ ಮುಂತಾದವು ಇಂಥವು. ಹುಬ್ಬಳ್ಳಿಯ ದೊಡ್ಡಪ್ಪ, ಸೊಲ್ಲಾಪುರದ ಸೋದರತ್ತೆ, ಅಮೆರಿಕದಲ್ಲಿರುವ ಮೊಮ್ಮಗ ಎಲ್ಲರೂ ಒಂದೇ ವೃಕ್ಷವನ್ನು ಕಾಣಬಹುದು. ಇದು ಸಂತೋಷದ ವಿಷಯವೇ ಸರಿ. ಆದರೆ ಎಲ್ಲರ ಕೈಗೂ ತಿದ್ದುವ ಅಧಿಕಾರ ದೊರೆತಾಗ ತೊಡಕು ಹುಟ್ಟುತ್ತದೆ.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ರೂಢಿ. ಇದನ್ನರಿಯದ ತರುಣನೊಬ್ಬನು ಇಬ್ಬರು ಬಸಪ್ಪಂದಿರನ್ನು ಒಬ್ಬನೇ ಎಂದು ಭಾವಿಸಿ ಕೂಡಿಸಿದರೆ ನಡುವಿನ ತಲೆಮಾರೇ ಕದಡಿಹೋಗುತ್ತದೆ. ಇದು ಅರಿಯದೆ ಆಗುವ ತಪ್ಪು. ಅರಿತೇ ಮಾಡುವ ತಪ್ಪು ಇನ್ನೂ ಘೋರವಾದುದು. ಆಸ್ತಿಯ ವ್ಯಾಜ್ಯದ ಸಿಟ್ಟಿನಲ್ಲಿ ದತ್ತುಪುತ್ರನ ಹೆಸರನ್ನು ಅಳಿಸುವುದು, ಅನ್ಯಜಾತಿಯವರನ್ನು ವರಿಸಿದ ಮಗಳನ್ನು ಕೈಬಿಡುವುದು ಕೆಲವೇ ಕ್ಷಣಗಳ ಕೆಲಸ.

ಇದಕ್ಕೆ ಪರಿಹಾರ ತಂತ್ರಾಂಶಗಳಲ್ಲಿಯೇ ಇದೆ. ಆನ್‌ಸೆಸ್ಟ್ರಿಯಲ್ಲಿ ಆಹ್ವಾನಿತರಿಗೆ ಮೂರು ಬಗೆಯ ಸ್ಥಾನಗಳುಂಟು. ಅತಿಥಿಯು ನೋಡಿ ಅಭಿಪ್ರಾಯ ಬರೆಯಬಹುದು. ಕೊಡುಗೆದಾರನು ಭಾವಚಿತ್ರ, ವೃತ್ತಾಂತಗಳನ್ನು ಸೇರಿಸಬಹುದು. ಸಂಪಾದಕನು ಮಾತ್ರ ವ್ಯಕ್ತಿಗಳ ವಿವರವನ್ನು ತಿದ್ದಬಹುದು. 2010ರಲ್ಲಿ ಬಂದ ವೆಬ್‌ಟ್ರೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಬ್ಬರು ಮಾಡಿದ ತಿದ್ದುಪಡಿಯನ್ನು ಮೇಲ್ವಿಚಾರಕರು ಒಪ್ಪುವವರೆಗೆ ತಡೆಹಿಡಿಯುವ ಏರ್ಪಾಡಿದೆ. ಫ್ಯಾಮಿಲಿಸರ್ಚ್‌ನ ರೀತಿಯೇ ಬೇರೆ. ಅಲ್ಲಿ ಜಗತ್ತಿಗೆಲ್ಲ ಒಂದೇ ವೃಕ್ಷ. ಗತಿಸಿದವರ ವಿವರವನ್ನು ಸಾಮಾನ್ಯವಾಗಿ ಯಾವ ಸದಸ್ಯನೂ ತಿದ್ದಬಲ್ಲನು. ಯಾರು ಏನನ್ನು ಬದಲಿಸಿದರೆಂಬ ದಾಖಲೆ ಉಳಿಯುವುದರಿಂದ ಹಿಂದಿನ ವಿವರವನ್ನು ಮರಳಿ ತರಬಹುದು. ಆದುದರಿಂದ ಮನೆತನದವರು ಮೊದಲೇ ಯೋಚಿಸಿ ತಂತ್ರಾಂಶವನ್ನು ಆರಿಸಿಕೊಳ್ಳುವುದು ಲೇಸು.

ಕುಟುಂಬಗಳಿಗೆ ನಮ್ಮ ಸಲಹೆ ಇಂತಿದೆ. ತಿದ್ದುವ ಅಧಿಕಾರವನ್ನು ಬೇರೆ ಬೇರೆ ಕವಲಿನ ಇಬ್ಬರು ಮೂವರಿಗೆ ಮಾತ್ರ ಕೊಡಿರಿ. ಅವರಲ್ಲಿ ಒಬ್ಬರಾದರೂ ಮಹಿಳೆಯಿರಲಿ, ಏಕೆಂದರೆ ತವರಿನ ಸಂಬಂಧಗಳನ್ನು ಬಲ್ಲವರು ಅವರೇ. ಉಳಿದ ಬಂಧುಗಳು ನೋಡಲಿ, ತಿಳಿಸಲಿ. ಬದುಕಿರುವವರ ಜನ್ಮದಿನಾಂಕವನ್ನು ಎಲ್ಲರಿಗೂ ಕಾಣುವಂತೆ ಇಡಬೇಡಿರಿ. ತಾಯಿಯ ತವರುಮನೆಯ ಅಡ್ಡಹೆಸರನ್ನು ಗುರುತಿನ ಪ್ರಶ್ನೆಯಾಗಿ ಕೇಳುವ ವಾಡಿಕೆ ಬ್ಯಾಂಕುಗಳಲ್ಲಿ ಬೆಳೆದುಬಂದಿದೆ ಎಂಬುದನ್ನು ಮರೆಯಬಾರದು. ವರ್ಷಕ್ಕೊಮ್ಮೆ, ಬಸವ ಜಯಂತಿಯ ದಿನವೆಂದೇ ಇಟ್ಟುಕೊಳ್ಳಿ, ಇಡೀ ವೃಕ್ಷವನ್ನು ಜೆಡ್‌ಕಾಮ್ ಕಡತವಾಗಿ ಇಳಿಸಿಕೊಂಡು ಭಾವಚಿತ್ರಗಳೊಡನೆ ಜೋಪಾನವಾಗಿಡಿರಿ.

ಆದರೆ ಲೇಖನಿ ಹಿಡಿದವರು ಒಡೆಯರಲ್ಲ. ಅಧಿಕಾರವನ್ನು ಮಿತಗೊಳಿಸುವುದು ವೃಕ್ಷವನ್ನು ಕಾಯುವುದಕ್ಕೇ ಹೊರತು ಬಂಧುಗಳ ಬಾಯಿ ಮುಚ್ಚಿಸುವುದಕ್ಕಲ್ಲ. ಹುಟ್ಟಿನಿಂದ ಮೇಲುಕೀಳು ಎಣಿಸದ ಬಸವಣ್ಣನವರ ಮಾರ್ಗದಲ್ಲಿ ನಡೆಯುವ ನಾವು ಯಾವ ಸೊಸೆಯನ್ನೂ, ಯಾವ ಮಗಳನ್ನೂ ವೃಕ್ಷದಿಂದ ಹೊರಗಿಡಲಾಗದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿದೆ. ಅಂತರ್ಜಾಲದ ವೃಕ್ಷವು ನಾಡಕಚೇರಿಯ ವಂಶವೃಕ್ಷ ದೃಢೀಕರಣ ಪತ್ರವಲ್ಲ. ಅಲ್ಲಿ ಅಳಿಸಿದ ಮಾತ್ರಕ್ಕೆ ಹಕ್ಕು ಅಳಿಯದು. ಆದರೆ ಮನಸ್ಸು ಒಡೆಯುತ್ತದೆ. ಎರಡು ಮಾತು ಬಂದಲ್ಲಿ ಎರಡನ್ನೂ, ಹೇಳಿದವರ ಹೆಸರಿನೊಡನೆ, ಟಿಪ್ಪಣಿಯಲ್ಲಿ ಬರೆದಿಡುವುದು ಯೋಗ್ಯ.

ಅಧಿಕಾರವನ್ನು ಹಿಂದೆ ಪಡೆಯುವ ಮುನ್ನ ಹಿರಿಯರಿಗೆ ದೂರವಾಣಿಯಲ್ಲಿ ವಿನಯದಿಂದ ಕಾರಣವನ್ನು ತಿಳಿಸಬೇಕು. ಅವರು ಹೇಳಿದ ಹೆಸರುಗಳನ್ನು ಅಂದೇ ಸೇರಿಸಿ ತೋರಿಸಿದರೆ, ತಮ್ಮನ್ನು ದೂರವಿಟ್ಟರೆಂಬ ನೋವು ಅವರಿಗೆ ಉಳಿಯಲಾರದು.