ಅಸೋಲಾದ ಎಕ್ಕದ ಗಿಡ

ತುಘಲಕಾಬಾದ್ ಕೋಟೆ ದಾಟಿ, ಕರ್ಣಿ ಸಿಂಗ್ ಶೂಟಿಂಗ್ ರೇಂಜಿನ ಮಗ್ಗುಲ ದಾರಿ ಹಿಡಿದರೆ ದಿಲ್ಲಿಯ ಗದ್ದಲ ತಟ್ಟನೆ ಹಿಂದೆ ಬೀಳುತ್ತದೆ. ಕೆಂಪು ಮಣ್ಣು, ಬಂಡೆ, ಮುಳ್ಳುಗಿಡ. 32 ಚದರ ಕಿಲೋಮೀಟರಿಗೂ ಮಿಗಿಲಾದ ಅಸೋಲಾ ಭಟ್ಟಿ ವನ್ಯಜೀವಿಧಾಮ ಇದು. ಗುಜರಾತಿನಲ್ಲಿ ಶುರುವಾಗುವ ಅರಾವಳಿ ಬೆಟ್ಟಸಾಲು ಬಂದು ಮುಗಿಯುವುದು ದಿಲ್ಲಿಯ ಗುಡ್ಡಗಳಲ್ಲಿಯೇ.

ಮಳೆ ಹಿಂದೆಗೆದ ಅಕ್ಟೋಬರಿನ ಭಾನುವಾರ. ಆರ್.ಕೆ. ಪುರಂ ಕಡೆಯ ಎರಡು ಕನ್ನಡ ಕುಟುಂಬಗಳು, ಜೊತೆಗೆ ಧಾರವಾಡದಿಂದ ಮಗನ ಮನೆಗೆ ಬಂದಿರುವ ಅಜ್ಜಿ. ಮಕ್ಕಳದ್ದು ಒಂದೇ ಹಟ, ಚಿರತೆ ತೋರಿಸಿ ಅಂತ. ಚಿರತೆ ಇಲ್ಲಿ ಇರುವುದೇನೋ ನಿಜ, ಕ್ಯಾಮೆರಾಗಳಲ್ಲಿ ಸೆರೆಯಾಗಿದೆ. ಆದರೆ ಚಿರತೆಯನ್ನೇ ನೋಡಬೇಕೆಂದು ಕಾಡಿಗೆ ಹೋಗುವವರು ಬೇರೇನನ್ನೂ ನೋಡದೆ ವಾಪಸಾಗುತ್ತಾರೆ.

ದಾರಿ ಬದಿಯ ಎಕ್ಕದ ಗಿಡ ಕಂಡು ಮೊದಲು ನಿಂತವರು ಅಜ್ಜಿ. ರಥಸಪ್ತಮಿಯ ದಿನ ಇದರ ಎಲೆ ತಲೆ ಮೇಲಿಟ್ಟುಕೊಂಡು ಸ್ನಾನ ಮಾಡಿದ ಕೈ, ಎಲೆಯನ್ನು ಮೆಲ್ಲಗೆ ಮಗುಚಿತು. ಅಡಿಯಲ್ಲೊಂದು ಕಂಬಳಿಹುಳ! ಕೂದಲಿಲ್ಲ, ನುಣುಪು ಮೈ; ಕಪ್ಪು, ಬಿಳಿ ಪಟ್ಟೆಗಳ ನಡುವೆ ಹಳದಿ ಚುಕ್ಕೆ. ಬೆನ್ನ ಮೇಲೆ ಮೂರು ಜೊತೆ ಕರಿ ಮೀಸೆ. ತಲೆ ಮೇಲೆ ಕೆಳಗೆ ಆಡಿಸುತ್ತ ಎಲೆಯ ಅಂಚನ್ನು ಕೊರೆಯುತ್ತಿತ್ತು.

“ಇಳಕಲ್ ದಡಿಗೆ ಇಂಥಾ ಪಟ್ಟಿ ಹಾಕಿದ್ರ ಚಂದ ಕಾಣ್ತಿತ್ತು ನೋಡು,” ಅಂದರು ಅಜ್ಜಿ. ಮೊಮ್ಮಗ ಕೈ ಚಾಚಿದ. “ಎಲಿ ಹರೀಬ್ಯಾಡೋ, ಹಾಲು ಕಣ್ಣಿಗೆ ಹತ್ತಿದ್ರ ಉರಿ ಕಿತ್ತಗೋತದ.”

ಆ ಹಾಲಿನ ವಿಷವೇ ಹುಳದ ಕವಚ. ತಿಂದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಕಿತ್ತಳೆ ಬಣ್ಣದ ‘ಪ್ಲೇನ್ ಟೈಗರ್’ ಚಿಟ್ಟೆಯಾಗಿ ಹಾರುತ್ತದೆ. ಒಮ್ಮೆ ಕುಕ್ಕಿ ಕಹಿ ಉಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ‘ಡಾನೈಡ್ ಎಗ್‌ಫ್ಲೈ’ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣಿಗೆ ಈ ವಿಷವಿಲ್ಲ. ಆದರೂ ಥೇಟ್ ಇದರದೇ ವೇಷ ಹಾಕಿ ಬಚಾವಾಗುತ್ತದೆ.

“ಅಂದ್ರ ಕಾಪಿ ಹೊಡೀತದೇನಪ್ಪಾ?”

“ಹೂಂ. ಪಾಸೂ ಆಗ್ತದ.”

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಲ್ಲಿ ನಡೆಸುತ್ತ ಬಂದಿರುವ ಶಿಕ್ಷಣ ಕೇಂದ್ರದವರು ಚಿಟ್ಟೆಗಳಿಗೆಂದೇ ಗಿಡ ಬೆಳೆಸಿದ್ದಾರೆ. ಸಣ್ಣದನ್ನು ನೋಡುವ ಅಭ್ಯಾಸ ಒಮ್ಮೆ ಹತ್ತಿದರೆ ಸಾಕು, ಮಕ್ಕಳಿಗೆ ಕಾಡೆಲ್ಲ ಕಾಣತೊಡಗುತ್ತದೆ. ಮುಂದೆ ದಾರಿಯಲ್ಲಿ ಹಿಕ್ಕೆಯ ರಾಶಿ. ಹಳತರ ಮೇಲೆ ಹೊಸತು. ನೀಲಗಾಯಿಗಳು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಪೊದೆಯಲ್ಲಿ ಹರಟೆಮಲ್ಲ ಹಕ್ಕಿಗಳ ಗುಂಪೊಂದು ಜಗಳ ತೆಗೆದಿತ್ತು. ಇಲ್ಲಿಯವರು ಅದಕ್ಕೆ ‘ಸಾತ್ ಭಾಯಿ’ ಅನ್ನುತ್ತಾರೆ. ಆ ಗಲಾಟೆಯ ಆಚೆ, ಜಾಲಿಯ ನೆರಳಲ್ಲಿ, ಬೂದುನೀಲಿ ಮೈಯ ಗಂಡು ನೀಲಗಾಯಿ ಕಿವಿ ನಿಮಿರಿಸಿ ಇವರನ್ನೇ ನೋಡುತ್ತಿತ್ತು.

ಆ ಜಾಲಿಯೂ ಹೊರಗಿನದೇ. ನಮ್ಮ ಬಯಲುಸೀಮೆಯನ್ನು ಮುತ್ತಿರುವ ಬಳ್ಳಾರಿ ಜಾಲಿಯೇ ಇಲ್ಲಿಯ ವಿಲಾಯತಿ ಕೀಕರ್. ಅಮೆರಿಕ ಖಂಡದ ಮರ. ಬೋಳುಗುಡ್ಡ ಹಸಿರಾಗಲೆಂದು ಬ್ರಿಟಿಷರು ತಂದು ನೆಟ್ಟರು. ಈಗ ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಮುತ್ತುಗ, ಬಿಳಿಜಾಲಿ, ಧೌ ಮರಗಳನ್ನು ಮತ್ತೆ ಬೆಳೆಸುವುದು ಹತ್ತಾರು ವರ್ಷದ ಕೆಲಸ. ಭಟ್ಟಿ ಕಡೆಯ ಕತೆ ಇನ್ನೂ ಕಠಿಣ. ದಿಲ್ಲಿಯ ಮನೆಗಳಿಗೆ ಬೇಕಾದ ‘ಬದರ್‌ಪುರ್’ ಕೆಂಪು ಮರಳಿಗಾಗಿ ಈ ನೆಲವನ್ನು ಬಗೆದರು. 1990ರ ದಶಕದ ಆರಂಭದಲ್ಲಿ ಗಣಿ ನಿಂತಿತು. ಆ ಹೊಂಡಗಳಲ್ಲಿ ನೀರು ನಿಂತು ನೀಲಿ ಕೆರೆಗಳಾದವು. ಈಗ ಹಕ್ಕಿಗಳು ಇಳಿಯುತ್ತವೆ.

ಹೋಗುವವರಿಗೆ ಒಂದು ಮಾತು. ಚಿಟ್ಟೆ ಬೇಕಾದರೆ ಮಳೆ ಮುಗಿದ ಕೂಡಲೇ ಹೋಗಿ. ಡಿಸೆಂಬರಿನ ಮಂಜಿನಲ್ಲಿ ಅವು ಸಿಗುವುದು ಕಷ್ಟ. ಬಾಳೆಹಣ್ಣು, ಬಿಸ್ಕತ್ತು ಮಾತ್ರ ಬ್ಯಾಗಿನಿಂದ ಹೊರಗೆ ತೆಗೆಯಬೇಡಿ. 2007ರ ಹೈಕೋರ್ಟ್ ಆದೇಶದ ನಂತರ ನಗರದಲ್ಲಿ ಹಿಡಿದ ಸಾವಿರಾರು ಕೋತಿಗಳನ್ನು ಇಲ್ಲಿಗೇ ತಂದು ಬಿಟ್ಟಿದ್ದಾರೆ. ಅವಕ್ಕೆ ಜನರ ಕೈತಿಂಡಿಯ ರುಚಿ ಚೆನ್ನಾಗಿ ಗೊತ್ತು.