ಸೆರೆ ಮುಗಿದರೂ ಮುಗಿಯದ ಕಾವಲು

ಶಿಕ್ಷೆಯ ಅವಧಿಯನ್ನು ಪೂರೈಸಿ ಸೆರೆಮನೆಯ ಬಾಗಿಲು ದಾಟಿದವನು ಅಂದಿನಿಂದ ಸ್ವತಂತ್ರನೆಂದೇ ನಾವೆಲ್ಲ ಭಾವಿಸುತ್ತೇವೆ. ಅಮೆರಿಕದ ಕೇಂದ್ರ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದವನ ಪಾಲಿಗೆ ಈ ಭಾವನೆ ಬಹುಮಟ್ಟಿಗೆ ಸುಳ್ಳು. ಹೊರಬಂದ 72 ಗಂಟೆಗಳೊಳಗೆ ಅವನು ಪ್ರೊಬೇಷನ್ ಕಚೇರಿಗೆ ಹೋಗಿ ಹಾಜರಾಗಬೇಕು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವನ ಬದುಕು ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಸಾಗುತ್ತದೆ. 'ಸೂಪರ್‌ವೈಸ್ಡ್ ರಿಲೀಸ್' ಎಂದು ಅವರು ಕರೆಯುವ ಈ ಮೇಲ್ವಿಚಾರಣೆಯ ಬಿಡುಗಡೆಗೆ ಒಳಪಟ್ಟವರು ಒಂದು ಲಕ್ಷಕ್ಕೂ ಮಿಕ್ಕಿದ್ದಾರೆ.

ಇದನ್ನು ಪೆರೋಲ್ ಎಂದು ತಿಳಿಯಬಾರದು. ನಮ್ಮಲ್ಲಿ ಪೆರೋಲ್ ಎಂದರೆ ಹೆತ್ತವರ ಕಾಯಿಲೆಗೋ ಮನೆಯ ಮದುವೆಗೋ ಕೈದಿಗೆ ದೊರೆಯುವ ಕೆಲವು ದಿನಗಳ ರಜೆ. ಅಮೆರಿಕದಲ್ಲಿ ಅದು ಶಿಕ್ಷೆ ಮುಗಿಯುವ ಮುನ್ನವೇ ಬಿಟ್ಟು, ಉಳಿದ ಅವಧಿಯನ್ನು ಹೊರಗೆ ಕಳೆಯಗೊಡುವ ಕ್ರಮವಾಗಿತ್ತು. 1984ರ ಶಿಕ್ಷಾ ಸುಧಾರಣಾ ಕಾಯಿದೆಯು, 1987ರ ನವೆಂಬರ್ 1ರಿಂದೀಚಿನ ಅಪರಾಧಗಳಿಗೆ ಕೇಂದ್ರ ಮಟ್ಟದಲ್ಲಿ ಅದನ್ನು ರದ್ದುಪಡಿಸಿತು. ಅದರ ಸ್ಥಾನಕ್ಕೆ ಬಂದ ಹೊಸ ವ್ಯವಸ್ಥೆಯಲ್ಲಿ ಸೆರೆವಾಸ ಮುಗಿದ ಮೇಲೆಯೇ ಕಾವಲು ಆರಂಭವಾಗುತ್ತದೆ. ಅದು ಶಿಕ್ಷೆಯಿಂದ ಕಳೆದದ್ದಲ್ಲ, ಶಿಕ್ಷೆಗೆ ಕೂಡಿಸಿದ್ದು. ಸಾಮಾನ್ಯವಾಗಿ ಒಂದರಿಂದ ಐದು ವರ್ಷ; ಕೆಲವು ಬಗೆಯ ಅಪರಾಧಗಳಿಗೆ ಜೀವನಪರ್ಯಂತ.

ಉದ್ದೇಶವೇನೋ ಒಳ್ಳೆಯದೇ ಆಗಿತ್ತು. ದೀರ್ಘಕಾಲ ಗೋಡೆಗಳ ನಡುವೆ ಕಳೆದವನು ಥಟ್ಟನೆ ಬೀದಿಗೆ ಬಂದಾಗ ಕೈಹಿಡಿದು ನಡೆಸುವವರು ಬೇಕು, ಅಮಲಿನ ಚಟವಿದ್ದವನಿಗೆ ಚಿಕಿತ್ಸೆ ಬೇಕು ಎಂಬುದೇ ಅದರ ಹಿಂದಿನ ವಿಚಾರ. ಆದರೆ ಯಾರಿಗೆ ನೆರವು ಬೇಕು, ಯಾರಿಗೆ ಬೇಡ ಎಂದು ವಿಚಾರಿಸುವ ಗೋಜಿಗೆ ಹೋಗದೆ, ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ಪಡೆದ ಬಹುತೇಕ ಎಲ್ಲರಿಗೂ ಇದನ್ನು ವಿಧಿಸುವ ರೂಢಿ ಬೆಳೆಯಿತು. ಹೀಗೆ ಊರುಗೋಲಾಗಬೇಕಿದ್ದುದು ಎಷ್ಟೋ ಮಂದಿಯ ಕಾಲಿಗೆ ಸಂಕೋಲೆಯಾಯಿತು.

ಷರತ್ತುಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಅನುಮತಿಯಿಲ್ಲದೆ ನ್ಯಾಯಾಲಯದ ವ್ಯಾಪ್ತಿಯನ್ನು ದಾಟುವಂತಿಲ್ಲ. ಮನೆ ಬದಲಿಸುವುದಾದರೆ ಮುಂಚಿತವಾಗಿ ತಿಳಿಸಬೇಕು. ಅಧಿಕಾರಿ ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆಯಬೇಕು. ಮಾದಕ ವಸ್ತುವಿನ ಪರೀಕ್ಷೆಗೆ ಒಳಪಡಬೇಕು. ಹಿಂದೆ ಶಿಕ್ಷೆಗೊಳಗಾದವರೊಡನೆ ಒಡನಾಡಬಾರದು. ಸ್ವಂತ ಅಣ್ಣನೇ ಜೈಲು ಕಂಡು ಬಂದವನಾಗಿದ್ದರೆ ಏನು ಗತಿ? ಅದಕ್ಕೂ ಅಧಿಕಾರಿಯ ಒಪ್ಪಿಗೆ ಬೇಕು! ಇವುಗಳಲ್ಲಿ ಒಂದನ್ನು ಮುರಿದರೂ ಮರಳಿ ಸೆರೆಮನೆ ಸೇರುವ ಭಯವಿದೆ. ಆ ವಿಚಾರಣೆಯಲ್ಲಿ ಪಂಚರ ಮಂಡಳಿ ಇರುವುದಿಲ್ಲ. ಸಂಶಯಾತೀತ ರುಜುವಾತೂ ಬೇಕಿಲ್ಲ. ತಪ್ಪು ನಡೆದಿರುವ ಸಂಭವವೇ ಹೆಚ್ಚು ಎಂದು ನ್ಯಾಯಾಧೀಶರಿಗೆ ತೋರಿದರೆ ಸಾಕು. ಹೊಸದೊಂದು ಅಪರಾಧ ಮಾಡಿದವನನ್ನು ಹಿಡಿಯುವುದು ನ್ಯಾಯವೇ ಸರಿ. ಆದರೆ ಬಸ್ಸು ತಪ್ಪಿ ಭೇಟಿಯ ಹೊತ್ತಿಗೆ ತಲುಪದವನನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನಮಗೆ ಸರಿಯೆನಿಸುವುದಿಲ್ಲ.

ಇಲ್ಲಿ ನಮಗೆ ಬೋಸ್ಟನ್ ನಗರದ ಜಾನ್ ಆಗಸ್ಟಸ್ ನೆನಪಾಗುತ್ತಾನೆ. ಬೂಟು ತಯಾರಿಸಿ ಬದುಕುತ್ತಿದ್ದ ಈತ 1841ರಲ್ಲಿ ನ್ಯಾಯಾಲಯದಲ್ಲಿ ನಿಂತಿದ್ದ ಕುಡುಕನೊಬ್ಬನಿಗೆ ಜಾಮೀನಾಗಿ, ಅವನನ್ನು ಸರಿದಾರಿಗೆ ತಂದು ಕೆಲವು ವಾರಗಳ ಬಳಿಕ ಮತ್ತೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. 1859ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ಜನರಿಗೆ ಹೀಗೆ ಹೊಣೆಯಾದ. ಇಂದಿನ ಪ್ರೊಬೇಷನ್ ಅಧಿಕಾರಿಗಳ ಮೂಲಪುರುಷ ಇವನೇ. ಸಂಬಳವಿಲ್ಲದ ಅವನ ಕೆಲಸದಲ್ಲಿ ಕಾವಲೂ ಇತ್ತು, ಕನಿಕರವೂ ಇತ್ತು.

ಈಚೆಗೆ ಗಾಳಿ ಸ್ವಲ್ಪ ಬದಲಾಗಿದೆ. 2018ರ 'ಫಸ್ಟ್ ಸ್ಟೆಪ್' ಕಾಯಿದೆಯು, ಸುಧಾರಣಾ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ ಅರ್ಹ ಕೈದಿಗಳು 12 ತಿಂಗಳವರೆಗೆ ಮೊದಲೇ ಈ ಮೇಲ್ವಿಚಾರಣೆಗೆ ಬರುವ ದಾರಿಯನ್ನು ತೆರೆಯಿತು. 2025ರ ಜೂನ್‌ನಲ್ಲಿ ಎಸ್ಟೆರಾಸ್ ಮೊಕದ್ದಮೆಯ ತೀರ್ಪಿತ್ತ ಸುಪ್ರೀಂ ಕೋರ್ಟು, ಷರತ್ತು ಮುರಿದವನ ಬಿಡುಗಡೆಯನ್ನು ರದ್ದುಪಡಿಸುವಾಗ ಮೂಲ ಅಪರಾಧಕ್ಕೆ ಮತ್ತೊಮ್ಮೆ ಪ್ರತೀಕಾರ ತೀರಿಸುವ ದೃಷ್ಟಿಯನ್ನು ನ್ಯಾಯಾಧೀಶರು ಇಟ್ಟುಕೊಳ್ಳಬಾರದೆಂದು ಏಳು ನ್ಯಾಯಮೂರ್ತಿಗಳ ಬಹುಮತದಿಂದ ಹೇಳಿತು. ಮಾಡಿದ ತಪ್ಪಿಗೆ ಸೆರೆ ಅನುಭವಿಸಿ ಆಗಿದೆಯಷ್ಟೆ!

ಶಿಕ್ಷಾ ಆಯೋಗವು ಹೊರಡಿಸಿ 2025ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು ಇನ್ನೂ ಆಳಕ್ಕಿಳಿಯುತ್ತವೆ. ಕಾನೂನೇ ಕಡ್ಡಾಯಪಡಿಸದ ಕಡೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ತೊಡಿಸದೆ, ಈ ವ್ಯಕ್ತಿಗೆ ಮೇಲ್ವಿಚಾರಣೆ ಅಗತ್ಯವೇ, ಅಗತ್ಯವಿದ್ದರೆ ಎಷ್ಟು ಕಾಲ, ಯಾವ ಷರತ್ತು ಎಂದು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಒಂದು ವರ್ಷ ಸನ್ನಡತೆಯಿಂದ ಕಳೆದವನನ್ನು ಅವಧಿಗೆ ಮುನ್ನವೇ ಬಿಡುವ ಅಧಿಕಾರ ನ್ಯಾಯಾಧೀಶರಿಗೆ ಹಿಂದಿನಿಂದಲೂ ಇದೆ. ಅದನ್ನು ಬಳಸಲು ಈಗ ಉತ್ತೇಜನ ದೊರೆತಿದೆ.

ಆದರೆ ಆಯೋಗದ ಮಾರ್ಗಸೂಚಿಗಳು 2005ರಿಂದ ಸಲಹೆಗಳೇ ಹೊರತು ಅಪ್ಪಣೆಗಳಲ್ಲ. ದುಡಿದು ತಿನ್ನುತ್ತಾ, ತಪ್ಪದೆ ಹಾಜರಿ ಹಾಕುತ್ತಾ, ಮನೆಮಂದಿಯೊಡನೆ ಬಾಳುತ್ತಿರುವವನ ಕಡತವನ್ನು ವರ್ಷ ತುಂಬಿದೊಡನೆ ತೆಗೆದು ನೋಡುವ ಕೆಲಸ ಈಗಲೂ ಆಯಾ ನ್ಯಾಯಾಧೀಶರದೇ.